ಅಳಿಲಿಗೆ ಕೋವಿ ಬೇಡ, ಕೋಕೋಗೆ ಸಕಾಲದ ಕೊಯ್ಲು ಬೇಕು

(ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ತೋಟದಲ್ಲಿ ಕೋಕೋ ಬೆಳೆಯುವವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಅಳಿಲಿನ ಕಾಟ ತಡೆಯಲಾಗುತ್ತಿಲ್ಲ. ಹೊಡೆದು ತಿಂದರೆ ತಪ್ಪೇನು ಸ್ವಾಮಿ?" ನಾನೂ ಮಲೆನಾಡಿನ ತೋಟದ ಮನೆಯವನೇ. ಹಿರಿಯರು ಕೋವಿಯಿಂದ ಹೊಡೆದು ತಂದ ಕೆಂಜಳಿಲಿನ ಸಾರನ್ನು ಬಾಲ್ಯದಲ್ಲಿ ಉಂಡವನು. ಆದ್ದರಿಂದ ಈ ಮಾತನ್ನು ತಮ್ಮನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ.

ಮೊದಲು ಕಳ್ಳ ಯಾರೆಂದು ತಿಳಿಯೋಣ. ತೊಟ್ಟಿನ ಹತ್ತಿರ ದುಂಡಗೆ ಕೊರೆದಿದ್ದರೆ, ಎಳೆಯ ಕಾಯಿಗಳೂ ಹಾಳಾಗಿದ್ದರೆ ಅದು ಸಾಮಾನ್ಯವಾಗಿ ಇಲಿಯ ಕೆಲಸ. ಇಲಿ ಬರುವುದು ರಾತ್ರಿ. ಅಳಿಲು ಬರುವುದು ಹಗಲಿನಲ್ಲಿ. ಅದಕ್ಕೆ ಬೇಕಾದುದು ಹಣ್ಣಾದ ಕಾಯಿಯ ಸಿಹಿ ಲೋಳೆ. ಹಗಲು ಕಣ್ಣಿಗೆ ಬೀಳುವುದು ಅಳಿಲು, ಹಾಗಾಗಿ ಇಲಿಯ ತಪ್ಪೂ ಅದರ ತಲೆಗೆ ಬರುತ್ತದೆ.

ಇನ್ನು ಹತೋಟಿ. ಒಂದು ಅಳಿಲನ್ನು ಕೊಂದರೆ ಕಾಡಂಚಿನಿಂದ ಇನ್ನೊಂದು ಬರುತ್ತದೆ. ಮರದಲ್ಲಿ ಹಣ್ಣು ಇರುವವರೆಗೆ ಇದು ನಿಲ್ಲುವುದಿಲ್ಲ. ಹಸಿರು ಕಾಯಿ ಹಳದಿಗೆ ತಿರುಗಿದ ಕೂಡಲೇ ಕೊಯ್ಯಿರಿ. ಸುಗ್ಗಿಯ ಕಾಲದಲ್ಲಿ ತಿಂಗಳಿಗೊಮ್ಮೆ ಕೊಯ್ದರೆ ಸಾಲದು, 10ರಿಂದ 15 ದಿನಗಳಿಗೊಮ್ಮೆ ಕೊಯ್ಯಬೇಕು. ಕೊಯ್ದ ಕಾಯಿಯನ್ನು ಒಡೆಯುವ ಮುನ್ನ ಎರಡು ಮೂರು ದಿನ ಇಟ್ಟರೂ ಕೆಡುವುದಿಲ್ಲ. ಆಳು ಸಿಗಲಿಲ್ಲವೆಂದು ಮರದಲ್ಲೇ ಬಿಡಬೇಡಿ. ಕೈಗೆಟಕುವ ಕೆಲವೇ ಮರಗಳಿದ್ದರೆ ಬಲಿಯುತ್ತಿರುವ ಕಾಯಿಗಳಿಗೆ ತೂತು ಮಾಡಿದ ಪಾಲಿಥೀನ್ ಚೀಲ ತೊಡಿಸಬಹುದು.

ಈಗ ಬೇಟೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ತಾವೆಲ್ಲ ಬಲ್ಲಿರಿ. ಮಂಗ ಸತ್ತರೆ ನಾವು ಹೆದರಿ ದೂರ ನಿಲ್ಲುತ್ತೇವೆ. ಆದರೆ ಆ ರೋಗದ ವೈರಾಣು ಕಾಡಿನ ಪಟ್ಟೆ ಅಳಿಲಿನಲ್ಲೂ ಸಿಕ್ಕಿದೆ ಎಂಬುದನ್ನು ಮರೆಯುತ್ತೇವೆ. ರೋಗವನ್ನು ಹರಡುವುದು ಉಣ್ಣೆ. ಸತ್ತ ಪ್ರಾಣಿಯ ಮೈ ಆರುತ್ತಿದ್ದಂತೆ ಉಣ್ಣೆಗಳು ಅದನ್ನು ಬಿಟ್ಟು ಬಿಸಿಯುಳ್ಳ ಬೇರೆ ಮೈಯನ್ನು ಅರಸುತ್ತವೆ. ಹೆಗಲ ಮೇಲೆ ಹೊತ್ತು ತಂದವನು, ಅಂಗಳದಲ್ಲಿ ಚರ್ಮ ಸುಲಿಯುವವನು, ಪಕ್ಕದಲ್ಲಿ ನೋಡುತ್ತ ನಿಂತ ಮಗು, ಯಾರಾದರೂ ಆಗಬಹುದು. ಸಾರು ಚೆನ್ನಾಗಿ ಕುದಿಯಿತು ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು; ಅಪಾಯ ಒಲೆ ಹತ್ತುವ ಮೊದಲೇ ಮನೆಯೊಳಗೆ ಬಂದಿರುತ್ತದೆ. ಬೇಟೆಗೆ ಅನುಕೂಲವೆನಿಸುವ ಡಿಸೆಂಬರಿನಿಂದ ಮೇ ವರೆಗಿನ ಒಣ ತಿಂಗಳುಗಳೇ ಈ ರೋಗದ ಕಾಲವೂ ಹೌದು. ಕಾಡಿಗೆ ಹೋಗಿ ಬಂದವರಿಗೆ ಹಠಾತ್ತನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಮುಚ್ಚಿಡದೆ ಹೇಳಿ.

ಕೆಂಜಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದರ ಬೇಟೆ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.

ಬಾಂಧವರೇ, ಒಂದು ಅಳಿಲಿನಲ್ಲಿ ಸಿಗುವುದು ಹಿಡಿ ಮಾಂಸ. ಅದಕ್ಕಾಗಿ ಮನೆಮಂದಿಯ ಜೀವವನ್ನು ಪಣಕ್ಕಿಡುವುದು ಬೇಡ. ಕೋವಿ ಹಿಡಿದು ಮರದಡಿ ಕಾಯುವ ಹೊತ್ತಿನಲ್ಲಿ ದೋಟಿ ಹಿಡಿದು ಹಣ್ಣು ಕೊಯ್ಯಿರಿ. ಬೆಳೆಯೂ ಉಳಿಯುತ್ತದೆ, ಮನೆಯೂ ಕ್ಷೇಮವಾಗಿರುತ್ತದೆ.