ಬರೀ ತಕ್ಕಡಿಯ ಪಾಠ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಚಿಕ್ಕವನಿದ್ದಾಗ ಅಪ್ಪನ ಜೊತೆ ಮಾಲೂರಿನ ತರಕಾರಿ ಮಂಡಿಗೆ ಹೋಗುತ್ತಿದ್ದೆ. ಮೂಟೆ ಏರಿಸುವ ಮೊದಲು ಅಪ್ಪ, "ಬರೀ ತಕ್ಕಡಿ ಎತ್ತಿ ತೋರ್ಸಪ್ಪ" ಎನ್ನುತ್ತಿದ್ದರು. ಮುಳ್ಳು ನಡುವೆ ನಿಂತ ಮೇಲೆಯೇ ತೂಕ. ಕ್ಯಾಲಿಬ್ರೇಷನ್ ಎಂದರೆ ಇದೇ.

ಕಾಂತಬಲ ಅಳೆಯುವವರಿಗೂ ಇದೇ ಕೆಲಸ. ನಾವು ಕುಳಿತಿರುವ ಈ ನೆಲದಲ್ಲಿ ಭೂಮಿಯ ಕಾಂತಬಲ ಸುಮಾರು 40 ಸಾವಿರ ನ್ಯಾನೊಟೆಸ್ಲಾ. ದಿಕ್ಸೂಚಿ ತಿರುಗಿಸಲು ಅಷ್ಟು ಸಾಕು. ಆದರೆ ಹತ್ತಿರ ಒಂದು ಕಬ್ಬಿಣದ ತುಂಡಿದ್ದರೆ ಅದೂ ಕೆಡುತ್ತದೆ. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಬರುವುದೆಂದು ಕೊಲಾಬಾದ ಕಾಂತ ವೀಕ್ಷಣಾಲಯದ ಕೆಲಸವನ್ನೇ 1904ರಲ್ಲಿ ಅಲಿಬಾಗ್‌ಗೆ ಸಾಗಿಸಬೇಕಾಯಿತು.

ಸೂರ್ಯನನ್ನು ನೋಡಲು ಹೋಗಿರುವ ಆದಿತ್ಯ-ಎಲ್1 ನೌಕೆಯಲ್ಲಿ ಕಾಂತಮಾಪಕವಿದೆ. ಅದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಅಳೆಯಬೇಕಾದ ಬಲ ಸಾಮಾನ್ಯವಾಗಿ ಐದು, ಹತ್ತು ನ್ಯಾನೊಟೆಸ್ಲಾ ಮಾತ್ರ. ನೌಕೆಯ ತಂತಿ, ಮೋಟಾರುಗಳ ಸೆಳೆತವೇ ಅದನ್ನು ಮುಚ್ಚಿಬಿಡಬಹುದು. ಅದಕ್ಕಾಗಿ 6 ಮೀಟರ್ ಉದ್ದದ ತೋಳನ್ನು 2024ರ ಜನವರಿ 11ರಂದು ಬಿಚ್ಚಿದರು. ತುದಿಯಲ್ಲೊಂದು, 3 ಮೀಟರ್‌ನಲ್ಲೊಂದು ಸೆನ್ಸರ್. ದೂರ ಎರಡರಷ್ಟಾದರೆ ನೌಕೆಯ ಸೆಳೆತ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೂರ್ಯನ ಕಡೆಯಿಂದ ಬರುವ ಬಲ ಎರಡಕ್ಕೂ ಒಂದೇ. ಎರಡು ಅಂಕಿಗಳ ವ್ಯತ್ಯಾಸದಿಂದ ನೌಕೆಯ ಪಾಲು ಎಷ್ಟೆಂದು ಅಂದಾಜಿಸಿ ಕಳೆಯಬಹುದು.

ಸೆನ್ಸರಿನ ಸ್ವಂತ ದೋಷ ಹಿಡಿಯಲು ಸುಲಭ ಉಪಾಯವಿದೆ. ಒಂದು ದಿಕ್ಕಿಗಿಟ್ಟಾಗ 30, ಅಲ್ಲೇ ಹಿಂದುಮುಂದಾಗಿ ತಿರುಗಿಸಿಟ್ಟಾಗ ಮೈನಸ್ 26 ಬಂತೆನ್ನಿ. ಹೊರಗಿನ ಬಲದ ಚಿಹ್ನೆ ಬದಲಾಗುತ್ತದೆ, ದೋಷದ್ದು ಬದಲಾಗುವುದಿಲ್ಲ. ಹಾಗಾಗಿ ನಿಜವಾದ ಬಲ 28, ದೋಷ 2. ಮೊಬೈಲಿನ ದಿಕ್ಸೂಚಿ ತಪ್ಪಿದಾಗ ಎಂಟರ ಆಕಾರದಲ್ಲಿ ಆಡಿಸಿ ಎನ್ನುವುದೂ ಹೀಗೆ ಎಲ್ಲ ದಿಕ್ಕಿನ ಅಂಕಿ ಪಡೆಯಲು.

ಇದೆಲ್ಲ ಓದಿಯೂ ನಾನು ಎಡವಿದೆ. ಮೊದಲ ಕೆಲಸದಲ್ಲಿ ಇಂಥ ಸೆನ್ಸರಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಅವಸರದಲ್ಲಿ ಸೆನ್ಸರನ್ನು ತಿರುಗಿಸಿ ನೋಡದೆ, ಬರಬೇಕಾದ ಅಂಕಿ ಬರುವಷ್ಟು ಕೂಡಿ ಕಳೆದುಬಿಟ್ಟೆ. ಮೇಜಿನ ಮೇಲೆ ಎಲ್ಲ ಸರಿ. ಬಯಲಿಗೆ ಒಯ್ದಾಗ ಉತ್ತರವೇ ತಪ್ಪಿತು. ಹಲಗೆಯ ಕೆಳಗೆ ಕಬ್ಬಿಣದ ಚೌಕಟ್ಟಿತ್ತು. ಅದರ ಸೆಳೆತವನ್ನು ಸೆನ್ಸರಿನ ತಲೆಗೆ ಕಟ್ಟಿದ್ದೆ. ತಪ್ಪು ನನ್ನದೆಂದು ಎಲ್ಲರೆದುರು ಹೇಳಲು ಎರಡು ದಿನ ಹಿಡಿಯಿತು.

ಆಗ ನೆನಪಾದದ್ದು ಈ ಶಾಲೆಯ ಪ್ರಯೋಗಾಲಯ. ಹತ್ತನೇ ತರಗತಿಯಲ್ಲಿ ಪುಸ್ತಕದ ಉತ್ತರ ನೋಡಿ ಅಂಕಿ ಬರೆದುಕೊಂಡಿದ್ದೆ. ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ "ಮತ್ತೆ ಮಾಡು" ಎಂದು ಬರೆದರು. ಆ ಪಾಠ ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

ಮಕ್ಕಳೇ, ನಿಮ್ಮ ಪ್ರಯೋಗದ ಅಂಕಿ ಪುಸ್ತಕಕ್ಕೆ ಹೊಂದದಿದ್ದರೆ ಅದನ್ನು ತಿದ್ದಬೇಡಿ. ಮೇಜಿನ ಕೆಳಗೆ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿ.