ಅಭಿವೃದ್ಧಿಯನ್ನು ಓದಲು ಹೊರಟವರಿಗೆ



ಡಿಗ್ರಿಯ ಕೊನೆಯ ವರ್ಷದಲ್ಲಿರುವ ನಿಮ್ಮ ಮಗಳೋ ಮಗನೋ ಒಂದು ರಾತ್ರಿ ಊಟದ ಹೊತ್ತಿಗೆ, "ನಾನು ಅಂತಾರಾಷ್ಟ್ರೀಯ ಅಭಿವೃದ್ಧಿ ಎಂಬ ವಿಷಯದಲ್ಲಿ ಎಂ.ಎ. ಮಾಡುತ್ತೇನೆ" ಎಂದರೆ ನೀವು ಏನು ಹೇಳುವಿರಿ? ಬಿ.ಎಡ್. ಎಂದರೆ ನಿಮಗೆ ಗೊತ್ತು, ನರ್ಸಿಂಗ್ ಗೊತ್ತು, ಬ್ಯಾಂಕಿನ ಪರೀಕ್ಷೆಯೂ ಗೊತ್ತು. ಇದು ಯಾವ ಬಗೆಯ ಓದು, ಎಷ್ಟು ಖರ್ಚು ಬೀಳುತ್ತದೆ, ಓದಿದ ಮೇಲೆ ಕೆಲಸ ಕೊಡುವವರು ಯಾರು ಎಂದು ನೀವು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಈ ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಮಾತು. ಬೆಳ್ಳೂರಿನವರಾದ ನಿಮಗೆ ಈ ವಿಷಯ ಹೊಸತಲ್ಲ. ದೂರದ ವಿಶ್ವವಿದ್ಯಾಲಯಗಳಲ್ಲಿ ಓದಿಸುವ ಆ ಪಾಠದೊಳಗೆ ನಮ್ಮ ಗುಡ್ಡ, ನಮ್ಮ ತೋಡು, ನಮ್ಮ ಬಾವಿಗಳು ಆಗಲೇ ಸೇರಿಹೋಗಿವೆ.

ಅಭಿವೃದ್ಧಿ ಎಂಬ ಶಬ್ದವನ್ನೇ ನೋಡಿ. ನಾವು ಕನ್ನಡದಲ್ಲಿ ಅಭಿವೃದ್ಧಿ ಎನ್ನುವುದನ್ನು ಪಂಚಾಯತ್ ಕಚೇರಿಯ ಮಲಯಾಳ ಕಾಗದ 'ವಿಕಸನಂ' ಎನ್ನುತ್ತದೆ. ನಮ್ಮ ಕಿವಿಗೆ ವಿಕಸನವೆಂದರೆ ಹೂ ಅರಳುವುದು. ತುಳುವಿನ 'ಬುಳೆಚ್ಚಿಲ್' ಎಂಬ ಮಾತಿನಲ್ಲಿ ಗದ್ದೆಯ ಬೆಳೆಯ ನೆನಪಿದೆ. ಮೂರು ಭಾಷೆಯಲ್ಲಿ ಮೂರು ಚಿತ್ರ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಮುಂದೆ ಇದು ಪ್ರಯೋಜನಕ್ಕೆ ಬರುತ್ತದೆ.

ಈ ಓದು ಹುಟ್ಟಿದ್ದು ಎರಡನೆಯ ಮಹಾಯುದ್ಧದ ತರುವಾಯ. 1949ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಭಾಷಣದಲ್ಲಿ ಜಗತ್ತಿನ ಹಿಂದುಳಿದ ಪ್ರದೇಶಗಳಿಗೆ ಸಹಾಯ ಮಾಡುವ ಮಾತನ್ನಾಡಿದರು. 1952ರಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿಯೂ 1966ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿಯೂ ಇದಕ್ಕೆಂದೇ ಸಂಸ್ಥೆಗಳು ಎದ್ದವು. ಮೊದಮೊದಲು ರಾಷ್ಟ್ರದ ಆದಾಯ ಎಷ್ಟು ಏರಿತು ಎಂಬುದೇ ಮುಖ್ಯ ಲೆಕ್ಕವಾಗಿತ್ತು. ಆ ಲೆಕ್ಕಕ್ಕೆ ತೊಡಕು ಹುಟ್ಟಿಸಿದ್ದರಲ್ಲಿ ನಮ್ಮ ಕೇರಳದ ಪಾಲೂ ಇದೆ. ಕೆ.ಎನ್. ರಾಜ್ ಅವರು ತಿರುವನಂತಪುರದಲ್ಲಿ ಕಟ್ಟಿದ ಅಭಿವೃದ್ಧಿ ಅಧ್ಯಯನ ಕೇಂದ್ರವು 1975ರಲ್ಲಿ ವಿಶ್ವಸಂಸ್ಥೆಗಾಗಿ ಒಂದು ಅಧ್ಯಯನ ಸಿದ್ಧಪಡಿಸಿತು. ಆದಾಯ ಕಡಿಮೆ ಇದ್ದರೂ ಜನರ ಆಯುಷ್ಯ, ಅಕ್ಷರಜ್ಞಾನ, ಶಿಶುಗಳ ಆರೋಗ್ಯ ಚೆನ್ನಾಗಿರಲು ಸಾಧ್ಯವೆಂದು ಕೇರಳವನ್ನು ಮುಂದಿಟ್ಟು ತೋರಿಸಿದ್ದು ಆ ಪುಸ್ತಕ. ಮುಂದೆ 1990ರಲ್ಲಿ ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅವರು ನಮ್ಮ ಅಮರ್ತ್ಯ ಸೇನ್ ಮುಂತಾದವರ ನೆರವಿನಿಂದ ವಿಶ್ವಸಂಸ್ಥೆಯ ಮೊದಲನೆಯ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದಾಗ ಈ ವಿಚಾರವೇ ಅದರ ಅಡಿಪಾಯವಾಯಿತು.

ಹೀಗೆ 'ಕೇರಳ ಮಾದರಿ' ಎಂಬ ಹೆಸರು ದೇಶವಿದೇಶಗಳ ತರಗತಿಗಳಿಗೆ ಹೋಯಿತು. ಸರಿ. ಆದರೆ ಅದೇ ಕಾಲದಲ್ಲಿ ನಮ್ಮ ಪದವುಗಳ ಮೇಲೆ ಏನು ನಡೆಯುತ್ತಿತ್ತು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗೇರುಬೀಜ ವಿದೇಶೀ ವಿನಿಮಯ ತರುವ ಬೆಳೆ. ಗುಡ್ಡದ ಮೇಲೆ ಗೇರು ನೆಟ್ಟರೆ ಪಾಳುನೆಲ ಹಣವಾಗುತ್ತದೆಂಬುದು ಯೋಜನೆ. ಚಿಗುರನ್ನೂ ಹೂವನ್ನೂ ಹಾಳುಮಾಡುವ ಟೀ ಸೊಳ್ಳೆಯನ್ನು ಕೊಲ್ಲಲು ಪ್ಲಾಂಟೇಷನ್ ಕಾರ್ಪೊರೇಷನ್ ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ನೆಯ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗೇರು ಇದ್ದದ್ದು ಗುಡ್ಡದ ತಲೆಯಲ್ಲಿ. ಮನೆ, ಸುರಂಗ, ಕೆರೆ, ತೋಟಗಳು ಇದ್ದದ್ದು ಗುಡ್ಡದ ಬುಡದಲ್ಲಿ. ನಿಗಮದ ಲೆಕ್ಕಪುಸ್ತಕದಲ್ಲಿ ಗೇರುಬೀಜದ ತೂಕಕ್ಕೆ ಒಂದು ಸಾಲಿತ್ತು. ಸುರಂಗದ ನೀರಿಗೆ ಸಾಲಿರಲಿಲ್ಲ. ಮಲಗಿದಲ್ಲೇ ಮಲಗಿರುವ ಮಗುವನ್ನು ಇಪ್ಪತ್ತು ಮೂವತ್ತು ವರ್ಷ ನೋಡಿಕೊಳ್ಳುವ ತಾಯಿಯ ದುಡಿಮೆಗಂತೂ ಯಾವ ಪುಸ್ತಕದಲ್ಲಿಯೂ ಸಾಲಿರಲಿಲ್ಲ. ಸಂತ್ರಸ್ತವೆಂದು ಗುರುತಿಸಿದ ಹನ್ನೊಂದು ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. ಸುತ್ತಲಿನ ಎಣ್ಮಕಜೆ, ಕುಂಬ್ಡಾಜೆ, ಕಾರಡ್ಕ, ಮುಳಿಯಾರುಗಳೂ ಅದರಲ್ಲಿವೆ.

ಈ ಕಥೆಯಲ್ಲಿ ವಿದ್ಯಾರ್ಥಿಗೆ ಕಲಿಯಲು ಬೇಕಾದುದೆಲ್ಲ ಇದೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ನೆರೆಯ ಪಡ್ರೆಯ ನೀರು, ಮಣ್ಣು, ರಕ್ತಗಳನ್ನು ಪರೀಕ್ಷಿಸಿ ವಿಷಾಂಶ ಇದೆ ಎಂದಿತು. ಅದೇ ವರ್ಷ ನಿಗಮವೇ ನೇಮಿಸಿದ ತಮಿಳುನಾಡಿನ ಸಂಸ್ಥೆಯೊಂದು ಅದಕ್ಕೆ ವ್ಯತಿರಿಕ್ತವಾದ ವರದಿ ಕೊಟ್ಟಿತು. ಮರುವರ್ಷ ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸಂಬಂಧಿ ಆರೋಗ್ಯ ಸಂಸ್ಥೆಯ ವರದಿ ಬಂತು. ಪಡ್ರೆಯ ಮಕ್ಕಳ ಆರೋಗ್ಯದಲ್ಲಿ ಕಂಡ ವ್ಯತ್ಯಾಸಗಳಿಗೆ ಅದು ಎಂಡೋಸಲ್ಫಾನ್ ಕಡೆಗೇ ಬೆರಳು ತೋರಿಸಿತು. ಒಂದೇ ಊರು, ವರದಿ ಮೂರು. ಮಾದರಿಯನ್ನು ಯಾವ ತಿಂಗಳಲ್ಲಿ ತೆಗೆದರು, ಎಲ್ಲಿಂದ ತೆಗೆದರು, ದುಡ್ಡು ಕೊಟ್ಟವರು ಯಾರು, ಹೋಲಿಸಲು ಆರಿಸಿದ ಊರು ಯಾವುದು? ಇಂಥ ಪ್ರಶ್ನೆ ಕೇಳಲು ಕಲಿಸುವುದಕ್ಕೆ ಸಂಶೋಧನಾ ವಿಧಾನ ಎನ್ನುತ್ತಾರೆ. ನನ್ನನ್ನು ಕೇಳಿದರೆ ಇಡೀ ಎಂ.ಎ.ಯಲ್ಲಿ ದುಡ್ಡು ಕೊಟ್ಟು ಕಲಿಯಲು ಯೋಗ್ಯವಾದ ಭಾಗ ಇದೇ. ಉಳಿದ ಸಿದ್ಧಾಂತಗಳನ್ನು ಪುಸ್ತಕ ಓದಿಯೂ ತಿಳಿಯಬಹುದು.

ಇನ್ನು 'ಅಂತಾರಾಷ್ಟ್ರೀಯ' ಎಂಬ ಮಾತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸುತ್ತಿದ್ದ ಭಾರತ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆಯಾಜ್ಞೆ ನೀಡಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು; 2022ರಲ್ಲಿ ಕೂಡ ಕೊಟ್ಟಿಲ್ಲವೇಕೆಂದು ಕೇಳಬೇಕಾಗಿ ಬಂತು. ನೆಟ್ಟಣಿಗೆಯ ಸೀಮೆಯಿಂದ ಹೊರಟ ಅಳಲು ಜಿನೀವಾದ ಸಭೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಪಂಚಾಯತ್ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಷ್ಟು ಕಡೆ ತಂಗಿತು ನೋಡಿ! ಆ ದಾರಿಯನ್ನು ಬಲ್ಲವರು ನಮ್ಮಲ್ಲಿ ಬೇಕು.

ಇಲ್ಲಿ ಗಡಿಯ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ನೆಟ್ಟಣಿಗೆ ಎಂಬ ಹೆಸರು ಗಡಿಯ ಈಚೆಗೂ ಇದೆ, ಆಚೆ ಪುತ್ತೂರು ತಾಲೂಕಿನಲ್ಲಿ ನೆಟ್ಟಣಿಗೆ ಮುಡ್ನೂರು ಎಂದೂ ಇದೆ. ಕರ್ನಾಟಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳಲ್ಲಿಯೂ ಗೇರುತೋಟಗಳಿಗೆ ಇದೇ ಮದ್ದು ಬಿತ್ತು, ಇದೇ ಸಂಕಟ ಬಂತು. ಮದ್ದು ಒಂದೇ, ಸರಕಾರ ಎರಡು. ಸಂತ್ರಸ್ತರ ಪಟ್ಟಿ ಮಾಡಿದ ಕ್ರಮ, ಪರಿಹಾರ, ಮಾಸಾಶನ ಎಲ್ಲವೂ ಎರಡು ಕಡೆ ಎರಡು ರೀತಿ. ಈ ಎರಡನ್ನೂ ಎದುರುಬದುರು ಇಟ್ಟು ನೋಡಬೇಕಾದರೆ ಮಲಯಾಳದ ಕಡತವನ್ನೂ ಕನ್ನಡದ ಕಡತವನ್ನೂ ಓದಬಲ್ಲವರು ಬೇಕು, ಚಾವಡಿಯಲ್ಲಿ ಕುಳಿತು ತುಳುವಿನಲ್ಲಿಯೋ ಮರಾಟಿಯಲ್ಲಿಯೋ ಅಜ್ಜಿಯೊಡನೆ ಮಾತಾಡಬಲ್ಲವರು ಬೇಕು. ಸಸೆಕ್ಸಿನಿಂದ ಬರುವ ಸಂಶೋಧಕ ದುಭಾಷಿಯನ್ನು ಹುಡುಕುತ್ತಾನೆ. ನಿಮ್ಮ ಮಗಳಿಗೆ ಅದರ ಅಗತ್ಯವಿಲ್ಲ. ಮನೆಗೆ ಬಂದವರ ಭಾಷೆ ತಿಳಿಯದೆ ಒಬ್ಬಾಕೆ ಕೇಳಿದ್ದಕ್ಕೆಲ್ಲ "ಹೂಂ" ಎಂದರೆ ಅರ್ಜಿಯ ನಮೂನೆಯಲ್ಲಿ ಆ ಹೂಂಗಳೇ ಸತ್ಯವಾಗುತ್ತವೆ. ವಿಕಸನ, ಅಭಿವೃದ್ಧಿ, ಬುಳೆಚ್ಚಿಲ್ ಎಂದು ಮೊದಲು ಹೇಳಿದ್ದು ಇದಕ್ಕೇ.

ಲೆಕ್ಕ ಹಾಕುವ ಬಗೆಯೆಂದರೆ ಹಳೆಯ ವಿಷಯವೆಂದು ತಿಳಿಯಬೇಡಿ. 2025ರ ನವೆಂಬರ್ 1ರಂದು ಕೇರಳವು ಅತಿ ದಾರಿದ್ರ್ಯದಿಂದ ಮುಕ್ತವಾಯಿತೆಂದು ಸರಕಾರ ಘೋಷಿಸಿತು. ಗುರುತಿಸಿದ ಕುಟುಂಬಗಳು 64,006. ಬಹಳ ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಈ ಸಂಖ್ಯೆಗೆ ಹೇಗೆ ಬಂದಿರಿ ಎಂದು ಅರ್ಥಶಾಸ್ತ್ರಜ್ಞರು ಕೇಳಿದ್ದೂ ಸರಿಯೇ. ನಮ್ಮ ಜಿಲ್ಲೆಗೆಂದು ಪಿ. ಪ್ರಭಾಕರನ್ ಅವರು 2012ರಲ್ಲಿ 11,123 ಕೋಟಿ ರೂಪಾಯಿಯ ಯೋಜನಾ ವರದಿ ಕೊಟ್ಟರಲ್ಲ, ಅದರಲ್ಲಿ ನಮ್ಮ ಪಂಚಾಯತಿನ ಪಾಲಿಗೆ ಬಂದುದೆಷ್ಟು ಎಂದು ಕುಳಿತು ಬರೆದರೆ ಅದೇ ಒಂದು ಒಳ್ಳೆಯ ಪ್ರಬಂಧವಾದೀತು.

ಈಗ ಖರ್ಚಿನ ಮಾತು. ಇಂಗ್ಲೆಂಡಿನಲ್ಲಿ ಈ ಎಂ.ಎ. ಒಂದೇ ವರ್ಷದ್ದು, ಆದರೆ ಹೊರದೇಶದ ವಿದ್ಯಾರ್ಥಿಗಳ ಶುಲ್ಕ ಸಾಮಾನ್ಯವಾಗಿ ಇಪ್ಪತ್ತು ಲಕ್ಷ ರೂಪಾಯಿಯ ಮೇಲೆಯೇ ಆಗುತ್ತದೆ. ಊಟ ವಸತಿಗೆ ಹತ್ತು ಲಕ್ಷಕ್ಕೆ ಮೀರಿ ಬೇರೆ ಬೇಕು. ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಅಡವು ಕೇಳುತ್ತವೆ. ಅಡಿಕೆತೋಟದ ಪಟ್ಟೆ ಇದೆಯಲ್ಲ ಎಂದು ನೀವು ಹೊರಟರೆ, ಕೃಷಿಭೂಮಿಯನ್ನು ಅಡವಾಗಿ ಹಿಡಿಯಲು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಒಪ್ಪಿದರೂ ಕೊಳೆರೋಗ ಬಂದ ವರ್ಷ ಕಂತು ಕಟ್ಟುವುದು ಯಾರು? ಹಾಗಾಗಿ ವಿದ್ಯಾರ್ಥಿವೇತನವಿಲ್ಲದೆ, ಬರಿಯ ಸಾಲದ ಬಲದಿಂದ ಈ ಓದಿಗಾಗಿ ವಿದೇಶಕ್ಕೆ ಹೋಗಬೇಡಿ ಎಂದೇ ನಾನು ಹೇಳುವುದು. ಬ್ರಿಟಿಷ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಶುಲ್ಕ, ಖರ್ಚು, ವಿಮಾನದ ಟಿಕೇಟು ಎಲ್ಲವನ್ನೂ ಕೊಡುತ್ತದೆ. ಎರಡು ವರ್ಷ ಕೆಲಸ ಮಾಡಿದ ಅನುಭವ ಕೇಳುತ್ತದೆ, ಓದಿದ ಮೇಲೆ ಎರಡು ವರ್ಷಕ್ಕಾದರೂ ಊರಿಗೆ ಹಿಂತಿರುಗಬೇಕೆನ್ನುತ್ತದೆ. ಪರಿಶಿಷ್ಟ ಜಾತಿಯವರಿಗೂ ಭೂಹೀನ ಕೃಷಿಕಾರ್ಮಿಕರ ಮಕ್ಕಳಿಗೂ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಯಾವ ವಿಷಯಕ್ಕೆ ಸಿಗುತ್ತದೆ, ಯಾವುದಕ್ಕಿಲ್ಲ ಎಂಬ ನಿಯಮವನ್ನು ಮಾತ್ರ ಮೊದಲೇ ಓದಿಕೊಳ್ಳಿ.

ಕೆಲಸದ ವಿಚಾರವನ್ನು ಮುಚ್ಚಿಡುವುದು ಸರಿಯಲ್ಲ. ಈ ಓದಿನವರಿಗೆ ಕೆಲಸ ಕೊಡುತ್ತಿದ್ದ ಅಮೆರಿಕದ ನೆರವಿನ ಸಂಸ್ಥೆ ಯುಎಸ್ ಏಡ್ 2025ರಲ್ಲಿ ಬಾಗಿಲು ಹಾಕಿತು. ಬ್ರಿಟನ್ ತನ್ನ ವಿದೇಶೀ ನೆರವನ್ನು 2021ರಲ್ಲಿ ತಗ್ಗಿಸಿತು, 2027ರ ಹೊತ್ತಿಗೆ ಇನ್ನೂ ತಗ್ಗಿಸುವುದಾಗಿ ಹೇಳಿದೆ. ವಿಶ್ವಸಂಸ್ಥೆಯ ಕೆಲಸವೇ ಸಿಗುತ್ತದೆಂದು ಯಾರಾದರೂ ಆಸೆ ಹಚ್ಚಿದರೆ ನಂಬಬೇಡಿ. ಆದರೆ ನಮ್ಮ ದೇಶದೊಳಗಿನ ಕೆಲಸ ಬೇರೆ. ಕುಟುಂಬಶ್ರೀಯಂಥ ಮಿಷನ್‌ಗಳು, ನೀರು, ಆರೋಗ್ಯ, ಶಿಕ್ಷಣ ಕ್ಷೇತ್ರದ ಸಂಸ್ಥೆಗಳು, ಸಂಶೋಧನಾ ಯೋಜನೆಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ಸಂಬಳ ಸಾಧಾರಣ, ಹಲವು ಹುದ್ದೆಗಳು ಕರಾರಿನವು. ತಂದೆತಾಯಂದಿರು ಇದನ್ನು ತಿಳಿದೇ ಒಪ್ಪಬೇಕು.

ಹತ್ತಿರದಲ್ಲಿಯೇ ಓದುವ ದಾರಿಗಳಿವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಯಲ್ಲಿಯೇ ಎರಡು ವರ್ಷದ ಎಂ.ಎ. ಇದೆ, ಮನೆಯ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುತ್ತಾರೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಹೆಸರನ್ನು ನೀವು ಕೇಳಿರಬಹುದು. ಬಸ್ಸಿನಲ್ಲಿ ಹೋಗಿ ತಲುಪುವ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಅಂತಾರಾಷ್ಟ್ರೀಯ ಸಂಬಂಧ, ಸಮಾಜಕಾರ್ಯ ಮೂರೂ ಇವೆ. ಆ ಪುಲ್ಲೂರು-ಪೆರಿಯ ಪಂಚಾಯತೂ ಸಂತ್ರಸ್ತರ ಪಟ್ಟಿಯಲ್ಲಿದೆ; ವಿದ್ಯಾರ್ಥಿಯ ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತೆವು, ಇಂಗ್ಲಿಷಿನಲ್ಲಿ ಬರೆಯಲು ಆಗುತ್ತದೆಯೇ ಎಂದು ಹಿಂಜರಿಯುವವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗದ ಕನ್ನಡ ಪುಸ್ತಕಗಳಿಂದ ಶುರುಮಾಡಲಿ. ವಿಚಾರ ಸ್ವಂತ ಭಾಷೆಯಲ್ಲಿ ಸ್ಪಷ್ಟವಾದರೆ ಇಂಗ್ಲಿಷ್ ಅಭ್ಯಾಸದಿಂದ ಬರುತ್ತದೆ.

ಅರ್ಜಿಯ ಜೊತೆಗೆ ಎಲ್ಲ ಕಡೆಯೂ ಒಂದು ಪ್ರಶ್ನೆ ಇರುತ್ತದೆ: ಈ ವಿಷಯವನ್ನೇ ಏಕೆ ಓದಬಯಸುತ್ತೀರಿ? ಬಡವರ ಸೇವೆ ಮಾಡಬೇಕೆಂಬ ಆಸೆ ಎಂದು ಸಾವಿರಾರು ಮಂದಿ ಬರೆಯುತ್ತಾರೆ. ನಿಮ್ಮ ಮಗಳು ಅದನ್ನು ಬರೆಯುವುದು ಬೇಡ. ಗ್ರಾಮಸಭೆಗೆ ಹೋಗಿ ಎರಡು ಸಲ ಕುಳಿತು ಬರಲಿ. ಗೇರುತೋಟದ ಬುಡದ ನಾಲ್ಕು ಮನೆಗಳ ನೀರು ಎಲ್ಲಿಂದ ಬರುತ್ತದೆಂದು ಕೇಳಿ ಬರೆದುಕೊಳ್ಳಲಿ. ಪಟ್ಟಿಯಲ್ಲಿ ಹೆಸರು ಬಂದವರನ್ನೂ ಬಿಟ್ಟುಹೋದವರನ್ನೂ ಮಾತಾಡಿಸಲಿ. ಅದನ್ನೇ ಎರಡು ಪುಟ ಬರೆದರೆ ಸಾಕು. ಚೀವ್ನಿಂಗ್ ಅರ್ಜಿ ನವರಾತ್ರಿಯ ಆಸುಪಾಸಿಗೆ ಮುಗಿಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ ಡಿಸೆಂಬರ್ ಜನವರಿಯಲ್ಲಿ ಅರ್ಜಿ ಕರೆಯುತ್ತಾರೆ, ಮಾರ್ಚಿನಲ್ಲಿ ಪರೀಕ್ಷೆ. ಆದಾಯದ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳನ್ನು ಅಷ್ಟರೊಳಗೆ ಮಾಡಿಸಿಕೊಳ್ಳಿ. ಹೆಸರು ಮಲಯಾಳದ ಕಾಗದದಲ್ಲೊಂದು ರೀತಿ, ಶಾಲೆಯ ದಾಖಲೆಯಲ್ಲೊಂದು ರೀತಿ ಇದ್ದರೆ ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು. ಅದನ್ನು ಈ ವಾರವೇ ನೋಡಿ.