ಅಧಿಸೂಚನೆಯೂ ಹಳ್ಳಿಯ ಕನ್ನಡವೂ
(ಉಪನ್ಯಾಸದ ಬರಹರೂಪ)



ಪಶ್ಚಿಮ ಘಟ್ಟಗಳ ಪರಿಸರ ಸೂಕ್ಷ್ಮ ಪ್ರದೇಶವನ್ನು ಕುರಿತ ಕರಡು ಅಧಿಸೂಚನೆಯನ್ನು ಕೇಂದ್ರ ಪರಿಸರ ಮಂತ್ರಾಲಯವು 2024ರ ಜುಲೈ 31ರಂದು ಆರನೆಯ ಬಾರಿಗೆ ಹೊರಡಿಸಿತು. ಅದರ ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳು ಕೊಚ್ಚಿಹೋಗಿದ್ದವು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಿತ್ತು. ಆಕ್ಷೇಪಣೆ ಮತ್ತು ಸಲಹೆಗಳನ್ನು ಸಲ್ಲಿಸಲು 60 ದಿನಗಳ ಅವಕಾಶ ನೀಡಲಾಗಿತ್ತು. ಆ 60 ದಿನಗಳು ಮಲೆನಾಡಿನಲ್ಲಿ ಗದ್ದೆಯ ನೆಟ್ಟಿ ಮುಗಿಸುವ, ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಕೊಳೆರೋಗದ ಎರಡನೆಯ ಮದ್ದು ಹೊಡೆಯುವ ದಿನಗಳಾಗಿದ್ದವು. ಕೇಂದ್ರದ ರಾಜಪತ್ರ ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅಡಿಕೆ ಕೊನೆಗೆ ಮದ್ದು ಹೊಡೆಯುತ್ತಿದ್ದ ರೈತನ ಕೈಗೆ ಅದು ಬಂದಿದ್ದರೂ ಓದುವವರು ಯಾರು?

ಓದಲಾಗದ ಸೂಚನೆಯು ಸೂಚನೆಯೇ ಅಲ್ಲ. ತಿಳಿವಳಿಕೆ ಇಲ್ಲದ ಜಾಗವನ್ನು ವದಂತಿ ತುಂಬುತ್ತದೆ. ಕಳೆದ ಹತ್ತು ವರ್ಷಗಳಿಗೂ ಮಿಕ್ಕಿ ಘಟ್ಟದ ಹಳ್ಳಿಗಳಲ್ಲಿ ನಡೆದಿರುವುದು ಇದೇ. ಆದುದರಿಂದ ಸರ್ಕಾರಿ ಅಧಿಸೂಚನೆಯನ್ನು ಜನರ ಮಾತಿನಲ್ಲಿ ತಿಳಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಎರಡು ವರದಿ, ಒಂದು ಕರಡು

ಮೊದಲು ಇತಿಹಾಸವನ್ನು ಬಿಡಿಸಿಕೊಳ್ಳಬೇಕು. ಮಾಧವ ಗಾಡ್ಗೀಳರ ನೇತೃತ್ವದ ತಜ್ಞರ ಸಮಿತಿ 2010ರಲ್ಲಿ ನೇಮಕಗೊಂಡು 2011ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಅದರ ಮೇಲೆ ವಿವಾದ ಎದ್ದಾಗ 2012ರಲ್ಲಿ ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಮತ್ತೊಂದು ಕಾರ್ಯತಂಡ ರಚನೆಯಾಗಿ 2013ರ ಏಪ್ರಿಲಿನಲ್ಲಿ ವರದಿ ನೀಡಿತು. 2014, 2015, 2017, 2018, 2022 ಮತ್ತು 2024ರಲ್ಲಿ ಹೊರಬಿದ್ದ ಆರು ಕರಡುಗಳಿಗೆ ಆಧಾರ ಎರಡನೆಯ ವರದಿ. 2024ರ ಕರಡಿನಲ್ಲಿ ಆರು ರಾಜ್ಯಗಳ ಒಟ್ಟು ವಿಸ್ತೀರ್ಣ 56,825.7 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 20,668, ಎಂದರೆ ಎಲ್ಲ ರಾಜ್ಯಗಳಿಗಿಂತ ಹೆಚ್ಚು.

ಹಳ್ಳಿಯಲ್ಲಿ ಈ ಎರಡು ವರದಿಗಳೂ ಕರಡೂ ಒಂದೇ ಹೆಸರಿನಿಂದ ಕರೆಯಲ್ಪಡುತ್ತವೆ. ಅಲ್ಲಿಂದಲೇ ಗೊಂದಲ ಆರಂಭ. ಒಂದು ಉದಾಹರಣೆ ಸಾಕು. 'ಇನ್ನು ಮುಂದೆ ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ' ಎಂಬ ಮಾತಿಗೆ ಬೇರು ಇಲ್ಲದಿಲ್ಲ. ಗಾಡ್ಗೀಳ್ ಸಮಿತಿಯು ಘಟ್ಟವನ್ನು ಮೂರು ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ರಾಸಾಯನಿಕ ಕೀಟನಾಶಕ ಮತ್ತು ಕಳೆನಾಶಕಗಳನ್ನು ಮೊದಲನೆಯ ವಲಯದಲ್ಲಿ 5, ಎರಡನೆಯದರಲ್ಲಿ 8, ಮೂರನೆಯದರಲ್ಲಿ 10 ವರ್ಷಗಳೊಳಗೆ ಹಂತಹಂತವಾಗಿ ಕೈಬಿಡಬೇಕೆಂದು ಶಿಫಾರಸು ಮಾಡಿತ್ತು. ಅದು ಶಿಫಾರಸು, ಆಜ್ಞೆಯಲ್ಲ. ಕರಡು ಅಧಿಸೂಚನೆಯಲ್ಲಿ ಅಂತಹ ಷರತ್ತೇ ಇಲ್ಲ. ಒಂದು ಕಾಗದದ ಮಾತು ಮತ್ತೊಂದು ಕಾಗದದ ತಲೆಗೆ ಬಿದ್ದಿದೆ. ಅದನ್ನು ಬಿಡಿಸಿ ಹೇಳುವವರು ಇಲ್ಲದೆ ಹೋದುದರಿಂದ ಭಯ ಉಳಿಯಿತು.

ಕರಡು ಹೇಳುವುದೇನು?

ಕರಡಿನ ಮುಖ್ಯಾಂಶಗಳನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು.

ಗಣಿಗಾರಿಕೆ, ಕಲ್ಲುಕ್ವಾರಿ ಮತ್ತು ಮರಳು ತೆಗೆಯುವುದು ಪೂರ್ಣ ನಿಷಿದ್ಧ. ಈಗಿರುವ ಗಣಿಗಳು ಅಂತಿಮ ಅಧಿಸೂಚನೆ ಬಂದ 5 ವರ್ಷಗಳೊಳಗೆ ಅಥವಾ ಗುತ್ತಿಗೆಯ ಅವಧಿ ಮುಗಿದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಮುಚ್ಚಬೇಕು. ಹೊಸ ಉಷ್ಣವಿದ್ಯುತ್ ಸ್ಥಾವರ ಕೂಡದು. 'ಕೆಂಪು' ವರ್ಗದ ಹೊಸ ಕೈಗಾರಿಕೆ ಕೂಡದು. ಇಲ್ಲಿ ಕೆಂಪು ಎಂಬುದು ಮಾಲಿನ್ಯದ ಪ್ರಮಾಣದ ಮೇಲೆ ಕೈಗಾರಿಕೆಗಳಿಗೆ ಕೊಟ್ಟ ವರ್ಗವೇ ಹೊರತು ಹಳ್ಳಿಗಳಿಗಾಗಲೀ ಬೆಳೆಗಳಿಗಾಗಲೀ ಕೊಟ್ಟ ಗುರುತಲ್ಲ. 20,000 ಚದರ ಮೀಟರ್ ಅಥವಾ ಅದಕ್ಕೂ ಮೀರಿದ ಕಟ್ಟಡ, 50 ಹೆಕ್ಟೇರ್ ಅಥವಾ ಅದಕ್ಕೂ ಮೀರಿದ ಬಡಾವಣೆ ಕೂಡದು. ಈಗಿರುವ ವಾಸದ ಮನೆಯ ದುರಸ್ತಿ, ವಿಸ್ತರಣೆ, ನವೀಕರಣಗಳಿಗೆ ಚಾಲ್ತಿಯಲ್ಲಿರುವ ಕಾನೂನಿನಾಚೆ ಹೊಸ ಅಡ್ಡಿಯಿಲ್ಲ. ವ್ಯವಸಾಯವನ್ನು ನಿಲ್ಲಿಸಬೇಕೆಂಬ ಷರತ್ತು ಎಲ್ಲಿಯೂ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಂತೆ ಯೋಜನೆಗಳಿಗೆ ಗ್ರಾಮಸಭೆಯ ಪೂರ್ವಭಾವಿ ಒಪ್ಪಿಗೆ ಪಡೆಯುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದೂ ಅದು ಹೇಳುತ್ತದೆ. ಗ್ರಾಮಸಭೆಗೆ ಬಲ ಕೊಡುವ ಈ ಮಾತು ಗ್ರಾಮಸಭೆಗಳ ಕಿವಿಗೆ ಬಿದ್ದುದು ಬಹಳ ಕಡಿಮೆ.

ಇಷ್ಟಕ್ಕೆ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ವಿರೋಧಿಗಳು ಇಲ್ಲದ ನಿಷೇಧಗಳನ್ನು ಸೇರಿಸಿದರೆ, ಪರಿಸರದ ಪರವಾಗಿರುವವರು ಇರುವ ಕಷ್ಟಗಳನ್ನು ಬಿಟ್ಟು ಹೇಳಿದ್ದೂ ಉಂಟು. ಕ್ವಾರಿ ಮತ್ತು ಮರಳು ನಿಂತರೆ ಹಳ್ಳಿಯಲ್ಲಿ ಮನೆ ಕಟ್ಟುವವನಿಗೆ ಕಲ್ಲು ಎಲ್ಲಿಂದ ಬರಬೇಕು, ಯಾವ ಬೆಲೆಗೆ ಬರಬೇಕು ಎಂಬ ಪ್ರಶ್ನೆ ನ್ಯಾಯವಾದುದು. ಇನ್ನೊಂದು ವಿಷಯ ಗ್ರಾಮಗಳ ಆಯ್ಕೆಯದು. ಕಸ್ತೂರಿರಂಗನ್ ತಂಡವು ಉಪಗ್ರಹ ಚಿತ್ರಗಳ ಆಧಾರದ ಮೇಲೆ, ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಪರಿಸರ ಸೂಕ್ಷ್ಮವಾಗಿರುವ ಗ್ರಾಮವನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ಎಂದರೆ ಒಂದು ಕಂದಾಯ ಗ್ರಾಮದ ಕಾಲುಭಾಗ ಕಾಡಾಗಿದ್ದು ಉಳಿದದ್ದು ಗದ್ದೆ, ತೋಟ, ಪೇಟೆಯಾಗಿದ್ದರೂ ಇಡೀ ಗ್ರಾಮದ ಹೆಸರು ಪಟ್ಟಿಯಲ್ಲಿರಬಹುದು. ತಿಳಿಗನ್ನಡದ ವಿವರಣೆಯಲ್ಲಿ ಇವೆರಡನ್ನೂ ಬರೆಯಬೇಕು. ಜನರ ಪ್ರಶ್ನೆಯನ್ನು ಮರೆಮಾಚಿ ಗಳಿಸಿದ ಒಪ್ಪಿಗೆ ಮೊದಲ ಮಳೆಗೇ ತೊಳೆದುಹೋಗುತ್ತದೆ.

ಒಂದು ಪದದ ಬೆಲೆ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಬೇಕಾಗುವುದು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣ ಕಡಿಮೆಯಾದರೆ ಮದ್ದೇ ಎಳೆಯ ಭಾಗವನ್ನು ಸುಡುತ್ತದೆ. ಅದಕ್ಕಾಗಿಯೇ ಕತ್ತಿಯ ಅಲಗನ್ನು ಅದ್ದಿ, ಕೆಂಪು ಕಟ್ಟುತ್ತದೆಯೇ ಎಂದು ನೋಡುವ ರೂಢಿ. ಅಧಿಸೂಚನೆಯ ಪದಗಳಿಗೂ ಇದೇ ಎಚ್ಚರ ಸಲ್ಲಬೇಕು.

'ಕರಡು' ಎಂದರೆ ಸರ್ಕಾರ ಹೀಗೆ ಮಾಡಬೇಕೆಂದಿದೆ, ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ಪ್ರಸ್ತಾವ. 'ಅಂತಿಮ' ಎಂದರೆ ಜಾರಿಗೆ ಬಂದ ಆಜ್ಞೆ. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ನಿಗದಿಯಾದ ಅವಧಿಯೊಳಗೆ ಅಂತಿಮ ಅಧಿಸೂಚನೆ ಬಾರದಿದ್ದರೆ ಕರಡು ಬಿದ್ದುಹೋಗುತ್ತದೆ. ಮತ್ತೆ ಮತ್ತೆ ಹೊಸ ಕರಡು ಬಂದುದಕ್ಕೆ ಕಾರಣ ಇದು. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿದಾಗ 'ಇನ್ನು ಮುಗಿಯಿತು' ಎಂದವರುಂಟು. ಆದರೆ ಈ ಅಧಿಸೂಚನೆ ಹೊರಡಿಸುವ ಅಧಿಕಾರ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯಂತೆ ಕೇಂದ್ರ ಸರ್ಕಾರದ್ದು. ರಾಜ್ಯದ ನಿಲುವಿಗೆ ತೂಕವಿದೆ; ಆದರೆ ಅದು ಕಡೆಯ ಮಾತಲ್ಲ.

'ಪರಿಸರ ಸೂಕ್ಷ್ಮ ಪ್ರದೇಶ' ಮತ್ತು 'ಪರಿಸರ ಸೂಕ್ಷ್ಮ ವಲಯ' ಕಿವಿಗೆ ಒಂದೇ. ಮೊದಲನೆಯದು ಇಲ್ಲಿ ಹೇಳಿದ ಘಟ್ಟದ ಪಟ್ಟಿ. ಎರಡನೆಯದು ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯವೊಂದರ ಸುತ್ತಣ ಅಂಚು. ಅದರ ಅಧಿಸೂಚನೆಯಲ್ಲಿ ನಿಷೇಧಿಸಿದ, ನಿಯಂತ್ರಿಸಿದ, ಪ್ರೋತ್ಸಾಹಿಸುವ ಚಟುವಟಿಕೆಗಳು ಎಂದು ಮೂರು ಪಟ್ಟಿಗಳಿರುತ್ತವೆ. ಇವೆರಡಕ್ಕೂ ಹೊರತಾದುದು ಅರಣ್ಯ ಇಲಾಖೆಯ 'ಸೆಕ್ಷನ್ 4'. ಕರ್ನಾಟಕ ಅರಣ್ಯ ಕಾಯ್ದೆ, 1963ರ 4ನೆಯ ಕಲಮು ಮೀಸಲು ಅರಣ್ಯ ಮಾಡುವ ಉದ್ದೇಶವನ್ನು ಸಾರುತ್ತದೆ. ಅನಂತರ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕು, ತಕರಾರುಗಳನ್ನು ವಿಚಾರಿಸಬೇಕು. ಅಂತಿಮ ಘೋಷಣೆ 17ನೆಯ ಕಲಮಿನದು. 4ಕ್ಕೂ 17ಕ್ಕೂ ನಡುವೆ ಇರುವುದೇ ರೈತನು ಮಾತಾಡಬೇಕಾದ ಕಾಲ. ಆ ಕಾಲದಲ್ಲಿ ಆತನಿಗೆ ಗೊತ್ತಾಗದೆ ಹೋದರೆ ಮುಂದೆ ಕಚೇರಿಯಿಂದ ಕಚೇರಿಗೆ ಅಲೆದಾಟವೇ ಉಳಿಯುತ್ತದೆ.

ಕನ್ನಡದಲ್ಲಿ ಕೇಳುವುದು ಕೃಪೆಯಲ್ಲ

2020ರ ಮಾರ್ಚಿನಲ್ಲಿ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಪ್ರಕಟವಾದಾಗ ದೇಶ ಕೊರೊನಾ ದಿಗ್ಬಂಧನದತ್ತ ಸಾಗುತ್ತಿತ್ತು. ಅದೇ ವರ್ಷ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸುವಂತೆ ಆದೇಶಿಸಿತು. ಪ್ರಾದೇಶಿಕ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ಜನರ ಅಭಿಪ್ರಾಯ ಕೇಳುವುದಾದರೆ ಜನರ ಭಾಷೆಯಲ್ಲಿ ಕೇಳಬೇಕು ಎಂಬ ತತ್ತ್ವ ನ್ಯಾಯಾಲಯದವರೆಗೆ ಹೋಗಿ ಬಂದಿದೆ.

ಕಾಯ್ದೆಯ ಬೆಂಬಲವೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಜನರನ್ನು ಬಾಧಿಸುವ ಮುಖ್ಯ ನೀತಿಗಳ ವಿವರವನ್ನು ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕೆಂದೂ, ಹಾಗೆ ತಿಳಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಹೇಳುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಗಣಿ ಅಥವಾ ಅಣೆಕಟ್ಟಿನಂತಹ ಯೋಜನೆಗಳ ಸಾರ್ವಜನಿಕ ಅಹವಾಲಿಗೆ ಮೊದಲು ಕನಿಷ್ಠ 30 ದಿನಗಳ ಸೂಚನೆಯನ್ನು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಸಭೆ ಮುಗಿದಾಗ ನಡಾವಳಿಯನ್ನು ಅಲ್ಲಿಯೇ ಓದಿ, ಜನರ ಭಾಷೆಯಲ್ಲಿ ವಿವರಿಸಿ, ಅನಂತರವೇ ಸಹಿಯಾಗಬೇಕು. 'ಓದಿ ಹೇಳಿ' ಎಂದು ಎದ್ದು ನಿಂತು ಕೇಳುವ ಗ್ರಾಮಸ್ಥನು ಗಲಾಟೆ ಮಾಡುತ್ತಿಲ್ಲ, ನಿಯಮವನ್ನೇ ನೆನಪಿಸುತ್ತಿದ್ದಾನೆ.

ವಿದ್ಯಾರ್ಥಿಗಳ ಕೆಲಸ

ಪ್ರತಿ ಹಳ್ಳಿಯಲ್ಲಿಯೂ ಇಂದು ಪದವಿ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಅಧಿಸೂಚನೆಯೊಂದು ಬಂದಾಗ ಅವರು ಐದು ಪ್ರಶ್ನೆಗಳಿಗೆ ಉತ್ತರ ಹುಡುಕಿ ಒಂದೇ ಹಾಳೆಯಲ್ಲಿ ಬರೆದರೆ ಅರ್ಧ ಕೆಲಸ ಮುಗಿದಂತೆ. ಇದನ್ನು ಹೊರಡಿಸಿದವರು ಯಾರು, ಯಾವ ಕಾಯ್ದೆಯ ಕೆಳಗೆ? ಇದು ಕರಡೋ ಅಂತಿಮವೋ? ಈ ಊರಿನ ಹೆಸರು ಅಥವಾ ಸರ್ವೆ ನಂಬರು ಇದರಲ್ಲಿದೆಯೇ? ಏನು ಕೂಡದು, ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಅಡ್ಡಿಯಿಲ್ಲ? ಆಕ್ಷೇಪಣೆ ಯಾರಿಗೆ, ಯಾವ ದಿನದೊಳಗೆ?

ಕೊನೆಯ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ಘಟ್ಟದ ಕರಡುಗಳಲ್ಲಿ 60 ದಿನಗಳನ್ನು ಎಣಿಸುವುದು ರಾಜಪತ್ರದ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ. ಊರಿಗೆ ಸುದ್ದಿ ಮುಟ್ಟಿದ ದಿನದಿಂದಲ್ಲ.

ಬರೆದ ಹಾಳೆಯನ್ನು ಊರಿನಲ್ಲಿ ಹೆಚ್ಚು ಓದದ ಹಿರಿಯರೊಬ್ಬರ ಮುಂದೆ ಓದಿ, 'ಅಜ್ಜ, ಇದರಿಂದ ನಿಮಗೆ ತಿಳಿದದ್ದೇನು?' ಎಂದು ಕೇಳಬೇಕು. ಅವರು ತಿರುಗಿ ಹೇಳಿದ್ದು ಮೂಲದೊಡನೆ ಹೊಂದಿದರೆ ಹಾಳೆ ಸರಿಯಾಗಿದೆ. ಹೊಂದದಿದ್ದರೆ ತಪ್ಪು ಅಜ್ಜನದಲ್ಲ, ಬರೆದವರದು. ಕತ್ತಿಯ ಅಲಗನ್ನು ಅದ್ದಿ ನೋಡುವ ಪರೀಕ್ಷೆ ಇಲ್ಲಿಯೂ ಇದೆ. ವಿವರಣೆಯಲ್ಲಿ ಕಾಗದ ಹೇಳಿದ್ದು ಒಂದು ಕಡೆ, ಬರೆದವರ ಅಭಿಪ್ರಾಯ ಇನ್ನೊಂದು ಕಡೆ ಇರಲಿ, ಎರಡೂ ಬೆರೆಯದಿರಲಿ.

ಆಮೇಲೆ ಬರುವುದು ಉತ್ತರ. 'ಈ ಅಧಿಸೂಚನೆ ಬೇಡ' ಎಂಬ ಒಂದೇ ಸಾಲಿಗೆ ಸಾವಿರ ಸಹಿ ಹಾಕಿಸುವುದು ಸುಲಭ. ಆದರೆ 'ಈ ಗ್ರಾಮದ ಇಂತಿಂಥ ಸರ್ವೆ ನಂಬರುಗಳು ತಲೆತಲಾಂತರದಿಂದ ತೋಟಗಳಾಗಿವೆ, ಇಂತಿಂಥವು ಸೊಪ್ಪಿನ ಬೆಟ್ಟಗಳು, ಈ ಕಡಿದಾದ ಗುಡ್ಡವನ್ನು ಮಾತ್ರ ಯಾರೂ ಅಗೆಯದಂತೆ ಉಳಿಸಿರಿ' ಎಂದು ಗ್ರಾಮಸಭೆ ನಿರ್ಣಯಿಸಿ ಪಹಣಿ, ನಕ್ಷೆಗಳೊಡನೆ ಕಳುಹಿಸಿದರೆ ಅದಕ್ಕೆ ಉತ್ತರಿಸದೆ ಸರಿಸಿಬಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಯಾವ ಗುಡ್ಡ ಪ್ರತಿ ಮಳೆಗಾಲ ಬಿರುಕು ಬಿಡುತ್ತದೆ, ಯಾವ ಹಳ್ಳ ದಾರಿ ಬದಲಿಸಿದೆ ಎಂಬುದು ಉಪಗ್ರಹಕ್ಕಿಂತ ಮೊದಲು ಗೊತ್ತಾಗುವುದು ಅದರ ಬುಡದಲ್ಲಿ ಮನೆ ಮಾಡಿಕೊಂಡವರಿಗೆ. ಅವರ ಆ ತಿಳಿವಳಿಕೆ ದೆಹಲಿಯ ಕಡತ ಸೇರಬೇಕಾದರೆ, ದೆಹಲಿಯ ಕಡತ ಮೊದಲು ಅವರ ಮಾತಿನಲ್ಲಿ ಅವರ ಜಗಲಿಗೆ ಬರಬೇಕು.

ಮುಂದಿನ ಅಧಿಸೂಚನೆ ಮಳೆಗಾಲದಲ್ಲಿಯೇ ಬರಲಿ, ಸುಗ್ಗಿಯಲ್ಲಿಯೇ ಬರಲಿ, ಒಂದು ವಾರದೊಳಗೆ ಅದರ ಕನ್ನಡದ ಹಾಳೆ ಪಂಚಾಯಿತಿಯ ಗೋಡೆಯಲ್ಲಿ, ಹಾಲಿನ ಡೈರಿಯಲ್ಲಿ, ಸೊಸೈಟಿಯ ಬಾಗಿಲಲ್ಲಿ ಕಾಣಲಿ. ಒಪ್ಪುವುದೋ ಬಿಡುವುದೋ ಊರಿಗೆ ಸೇರಿದ್ದು. ತಿಳಿದು ಒಪ್ಪಲಿ, ತಿಳಿದು ವಿರೋಧಿಸಲಿ.